ನಾಲ್ಕು ಊರು, ಒಂದು ಹಗ್ಗ

ಏಪ್ರಿಲ್ 8, ಮಿಲ್ದುರಾ

ನನ್ನ ಕೆಲಸ ಹೋಗಲಿಲ್ಲ! ಹೋಗುತ್ತಿರುವುದು ಮಿಲ್ದುರಾ ಮಾತ್ರ. ಹಲ್ಲಿನ ಸೆಟ್ಟು ಮಾಡುವ ನಮ್ಮ ಇಲ್ಲಿನ ಶಾಖೆಯನ್ನು ಮುಚ್ಚುತ್ತಾರಂತೆ. ಮೆಲ್ಬರ್ನ್, ಹೋಬಾರ್ಟ್, ಸಿಡ್ನಿ, ಬ್ರಿಸ್ಬೇನ್ ಈ ನಾಲ್ಕರಲ್ಲಿ ಎಲ್ಲಿಗೆ ಬೇಕಾದರೂ ಹಾಕುತ್ತೇವೆ, ಮೇ ಹನ್ನೆರಡರೊಳಗೆ ಹೇಳಿ, ಒಮ್ಮೆ ಹೇಳಿದ ಮೇಲೆ ಐದು ವರ್ಷ ಅಲ್ಲಿಂದ ಕದಲುವಂತಿಲ್ಲ ಎಂದು ಮ್ಯಾನೇಜರ್ ಹೇಳಿದಾಗ ಉಳಿದವರೆಲ್ಲ ಜೋಲುಮೋರೆ ಹಾಕಿಕೊಂಡರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿದೆ.

ಆರು ವರ್ಷ ಈ ಚಪ್ಪಟೆ ಊರಿನಲ್ಲಿ! ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ, ಕಿತ್ತಳೆ, ಕೆಂಪು ಮಣ್ಣು. ಇಲ್ಲಿ ನಾನು ಹತ್ತಬಹುದಾದ ಅತಿ ಎತ್ತರದ ವಸ್ತು ಎಂದರೆ ಸೂಪರ್ ಮಾರ್ಕೆಟ್ಟಿನ ಮಾಡು. ಅಪ್ಪನಿಗೆ ಲಕ್ವ ಹೊಡೆದಾಗ ಮೂರು ತಿಂಗಳಿಗೆಂದು ಬಂದವಳು ಉಳಿದೇಬಿಟ್ಟೆ. ಅಪ್ಪ ಹೋಗಿ ಒಂದೂವರೆ ವರ್ಷವಾಯಿತು. ನನಗೀಗ ಮೂವತ್ತೇಳು. ಬಂಡೆ ಹತ್ತುವ ಬೆರಳಿನಲ್ಲಿ ಇನ್ನೂ ಕಸುವಿದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಈ ಸಲ ಬಂಡೆ ಇರುವ ಊರಿಗೇ ಹೋಗಬೇಕು. ಕೆಲಸ ಮುಗಿಸಿ, ಇನ್ನೂ ಬೆಳಕಿರುವಾಗಲೇ ಜಾರದಂತೆ ಕೈಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು ಗೋಡೆಯಂಥ ಬಂಡೆಯ ಕೆಳಗೆ ನಿಂತಿರಬೇಕು. ಐದು ವರ್ಷ ಅಂದರೆ ನನ್ನ ಬೆರಳುಗಳ ಆಯುಷ್ಯವೇ ಅಷ್ಟು. ತಪ್ಪಾಗಿ ಆರಿಸಿದರೆ ಮುಗಿಯಿತು.

ನಾಲ್ಕು ಊರೂ ನೋಡಿ ಬರೋಣವೆಂದು ರಜೆ ಬರೆದುಕೊಟ್ಟೆ. ಹತ್ತುವವರು ಒಬ್ಬರಾದರೆ ಕೆಳಗೆ ನಿಂತು ಹಗ್ಗ ಹಿಡಿಯುವವರು ಇನ್ನೊಬ್ಬರು ಬೇಕು. ನನ್ನ ಹಳೆಯ ಜೋಡಿ ಕ್ಯಾಲಮ್‌ಗೆ ಫೋನ್ ಮಾಡಿದರೆ ಅವನು ಆಸ್ಪತ್ರೆಯಲ್ಲಿದ್ದಾನೆ. ಇಪ್ಪತ್ತು ವರ್ಷ ಬಂಡೆ ಹತ್ತಿ ಒಂದು ಗೀರೂ ಮಾಡಿಕೊಳ್ಳದವನು ಮಗಳ ಹುಟ್ಟುಹಬ್ಬದ ದಿನ ಟ್ರ್ಯಾಂಪೊಲಿನ್ ಮೇಲೆ ಕುಣಿದು ಕಾಲು ಮುರಿದುಕೊಂಡಿದ್ದಾನೆ! ಮಲಗಲು, ಅಡುಗೆ ಮಾಡಲು ಜಾಗವಿರುವ ಅವಳ ವ್ಯಾನನ್ನಾದರೂ ಕೇಳೋಣ ಎಂದು ಅಮ್ಮನ ಹತ್ತಿರ ಹೋದೆ.

“ವ್ಯಾನ್ ಕೊಡ್ತೀನಿ. ಅದರ ಜೊತೆ ನಾನೂ ಬರ್ತೀನಿ,” ಎಂದಳು.

“ಅಮ್ಮ, ಇದು ಪಿಕ್ನಿಕ್ ಅಲ್ಲ. ಬಂಡೆ ಹತ್ತೋಕೆ ಹೋಗ್ತಿರೋದು.”

“ಹಗ್ಗ ಹಿಡ್ಕೊಳೋಕೆ ಜನ ಇಲ್ಲ ಅಂದ್ಯಲ್ಲ. ನಂಗೆ ಎರಡು ಕೈ ಇದೆ.”

“ಅದೇನು ನಾಯಿ ಹಗ್ಗ ಅಂದ್ಕೊಂಡ್ಯಾ? ನಾನು ಬಿದ್ರೆ ತಡೀಬೇಕು.”

“ಮೂವತ್ತು ವರ್ಷ ಈಜುಕೊಳದ ದಡದಲ್ಲಿ ನಿಂತು ಊರಿನ ಮಕ್ಕಳನ್ನ ಕಾದಿದ್ದೀನಿ ಕಣೇ. ಒಂದೇ ಒಂದು ಮಗು ಮುಳುಗಿಲ್ಲ. ನಿನ್ನೊಬ್ಬಳನ್ನ ನೋಡ್ಕೊಳೋಕಾಗಲ್ವಾ?”

ಅಮ್ಮನಿಗೆ ಅರವತ್ತನಾಲ್ಕು. ನನ್ನ ಹಣೆಬರಹ.

ಏಪ್ರಿಲ್ 12, ಆರಾಪಿಲೀಸ್

ಗೋಧಿ ಹೊಲಗಳ ನಡುವೆ ಈ ಬಂಡೆ ಏಕಾಏಕಿ ಎದ್ದು ನಿಂತಿರುವುದನ್ನು ಎಷ್ಟು ಸಲ ನೋಡಿದರೂ ಎದೆ ಹೊಡೆದುಕೊಳ್ಳುತ್ತದೆ. ಹದಿನೆಂಟರಲ್ಲಿ ಇಲ್ಲೇ ಹತ್ತಲು ಕಲಿತೆ. ಮೆಲ್ಬರ್ನಿನವರ ಬಂಡೆ ಎಂದರೆ ಇದೇ. ಪೈನ್ ಮರಗಳ ಕೆಳಗೆ ವ್ಯಾನ್ ನಿಲ್ಲಿಸಿ ಅಮ್ಮನಿಗೆ ಹಗ್ಗದ ಪಾಠ ಶುರು ಮಾಡಿದೆ. ಬೇಗ ಕಲಿತಳು, ಅದನ್ನು ಒಪ್ಪಬೇಕು. ಆದರೆ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾಳೆ.

“ಸಡಿಲ ಬಿಡಮ್ಮ! ನಾನು ಮೇಲೆ ಹೋಗ್ಬೇಕು, ನೀನು ಕೆಳಗೆ ಎಳೀತಿದ್ದೀಯ!”

“ಮೆಲ್ಲಗೆ ಹೋಗು. ಓಡ್ಬೇಡ.”

ಈಜುಕೊಳದಲ್ಲಿ ಮಕ್ಕಳಿಗೆ ಹೇಳಿ ಹೇಳಿ ಅಭ್ಯಾಸವಾಗಿಬಿಟ್ಟಿದೆ. ಕಾಲಗಲಿಸಿ ನಿಂತು, ಅಗಲ ಟೋಪಿ ಹಾಕಿಕೊಂಡು, ಕೊರಳಲ್ಲಿ ಅದೇ ಹಳೆಯ ಸೀಟಿ. ಅದನ್ನು ತೆಗಿ ಎಂದರೆ ತೆಗೆಯುವುದಿಲ್ಲ.

ಮಧ್ಯಾಹ್ನ ಮರ್ಯಾದೆ ಹೋಯಿತು. ಬಂಡೆ ಹತ್ತುವ ಪಕ್ಕದ ದಾರಿಯಲ್ಲಿ ಒಬ್ಬ ಗಡ್ಡದವನು ಗೆಳತಿಯ ಜೊತೆ ಹರಟುತ್ತಾ ಹತ್ತಲು ಶುರು ಮಾಡಿದ್ದ. ಅಮ್ಮ ಸೀಟಿ ಊದಿದಳು. ಬಂಡೆಯ ತುಂಬ ಅದು ಮೊಳಗಿ, ಹತ್ತುತ್ತಿದ್ದವರೆಲ್ಲ ಇದ್ದಲ್ಲೇ ನಿಂತುಬಿಟ್ಟರು.

“ಏಯ್ ಮಗಾ! ಹೊಟ್ಟೆ ಹತ್ರ ನೋಡ್ಕೋ!”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅವನು ಬಗ್ಗಿ ನೋಡಿದ. ಹಗ್ಗವನ್ನು ಸೊಂಟಪಟ್ಟಿಗೆ ತೂರಿಸಿದ್ದ, ಗಂಟು ಅರ್ಧ ಮಾತ್ರ ಹಾಕಿದ್ದ. ಮಾತಿನ ಭರದಲ್ಲಿ ಮರೆತಿದ್ದ. ಬಿಳಿಚಿಕೊಂಡು ಇಳಿದು ಬಂದು ಅಮ್ಮನ ಕೈ ಹಿಡಿದುಕೊಂಡ. ಅವನ ಮುಂದಿನ ಎರಡು ಹಲ್ಲು ಕಟ್ಟಿಸಿದವು, ಒಳ್ಳೆಯ ಕೆಲಸ. ಸಂಜೆ ಅವರೇ ನಮಗೆ ಸೂಪು ತಂದುಕೊಟ್ಟರು.

ಏಪ್ರಿಲ್ 15, ಮೆಲ್ಬರ್ನ್

ಬಂಡೆಯಿಂದ ಇಲ್ಲಿಗೆ ನಾಲ್ಕು ಗಂಟೆ ದಾರಿ. ಇಲ್ಲಿನ ಹತ್ತುವವರ ಅರ್ಧ ಬದುಕು ಹೆದ್ದಾರಿಯಲ್ಲೇ ಕಳೆಯುತ್ತದಂತೆ. ಶಾಖೆ ಚೆನ್ನಾಗಿದೆ, ಕಾಫಿ ಚೆನ್ನಾಗಿದೆ, ಕಿಟಕಿಯಿಂದ ಕಾಣುವುದು ಇನ್ನೊಂದು ಕಿಟಕಿ.

ಆದರೂ ನಾಲ್ಕರಲ್ಲಿ ಮಿಲ್ದುರಾಗೆ ಇದೇ ಹತ್ತಿರ. ಒಂದು ವಾರಾಂತ್ಯ ಬಂಡೆಗೆ, ಇನ್ನೊಂದು ವಾರಾಂತ್ಯ ಮನೆಗೆ ಹೋಗಿ ಬರಬಹುದು. ಮಾಂಸ ತುಂಬಿದ ಪೈ ತಿನ್ನುತ್ತಾ “ಮೆಲ್ಬರ್ನ್ ಕೂಡ ಪರವಾಗಿಲ್ಲ ಅಲ್ವಾಮ್ಮ?” ಎಂದೆ. ಅಮ್ಮ ತಿನ್ನುತ್ತಿದ್ದ ಪೈ ಕೆಳಗಿಟ್ಟು, “ಹೋಬಾರ್ಟ್ ಕಡೆ ಹೋಗೋ ಹಡಗು ಎಷ್ಟು ಹೊತ್ತಿಗೆ?” ಎಂದು ಕೇಳಿದಳು. ಅವಳಿಗೆ ಪೈ ಹಿಡಿಸಲಿಲ್ಲವೆಂದು ಕಾಣುತ್ತದೆ.

ಏಪ್ರಿಲ್ 19, ಹೋಬಾರ್ಟ್

ಹೋಬಾರ್ಟ್! ಹೋಬಾರ್ಟ್! ಹೋಬಾರ್ಟ್!

ಊರಿನ ನೆತ್ತಿಯ ಮೇಲೇ ಬೆಟ್ಟ, ಬೆಟ್ಟದ ಎದೆಗೆ ಒತ್ತಾಗಿ ನಿಂತ ಕಲ್ಲಿನ ಕಂಬಗಳು, ಕಂಬ ಕಂಬದ ನಡುವೆ ಬಿರುಕು. ಬಿರುಕು ಎಂದರೆ ನನಗೆ ಪ್ರಾಣ. ಕೈಯನ್ನು ಒಳಗೆ ತೂರಿಸಿ ಮುಷ್ಟಿ ಬಿಗಿದರೆ ಬಂಡೆಯೇ ನನ್ನ ಕೈ ಹಿಡಿದುಕೊಂಡಂತಾಗುತ್ತದೆ. ಶಾಖೆಯ ಬಾಗಿಲಿನಿಂದ ಬಂಡೆಯ ಬುಡಕ್ಕೆ ಅರ್ಧ ಗಂಟೆಯೂ ಬೇಡ! ಒಂದೇ ದಿನದಲ್ಲಿ ಐದು ದಾರಿ ಹತ್ತಿದೆ. ಮೇಲಿಂದ ನೋಡಿದರೆ ಊರು, ಬಂದರು, ಸಮುದ್ರ ಎಲ್ಲ ನನ್ನ ಶೂಗಳ ಕೆಳಗೆ. ಅತ್ತುಬಿಟ್ಟೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ, ಅತ್ತೆ ಅಷ್ಟೆ.

ಗಾಳಿ ಮಾತ್ರ ಚರ್ಮ ಸುಲಿಯುತ್ತದೆ. ಎರಡು ದಾರಿಗೆ ಹಗ್ಗ ಹಿಡಿದ ಮೇಲೆ ಅಮ್ಮನ ಬೆರಳು ನೀಲಿಯಾದವು. ಬೇಡವೆಂದರೂ ಅವಳನ್ನು ವ್ಯಾನಿಗೆ ಕಳಿಸಿದೆ. ಆಮೇಲೆ ಟಾರ್ಕ್ವಿಲ್ ಎಂಬ ಇಲ್ಲಿನವನೊಬ್ಬ ನನ್ನ ಹಗ್ಗ ಹಿಡಿದ. ಒಳ್ಳೆಯವನು. ಗೆಳೆಯನ ಜೊತೆ ಮೇಕೆ ಸಾಕುವ ವಿಷಯ ಮಾತಾಡುತ್ತಿದ್ದ. ಕೊನೆಯ ದಾರಿಯಲ್ಲಿ ನಾನು ಕಾಲು ಜಾರಿ ಕೂಗಿದಾಗ ಮೂರನೆಯ ಸಲಕ್ಕೆ ತಲೆ ಎತ್ತಿದ. ಪರವಾಗಿಲ್ಲ, ಬಂಡೆ ಅಂಥಾದ್ದು.

ಏಪ್ರಿಲ್ 21, ಹೋಬಾರ್ಟ್

ಅಮ್ಮನ ಬೆರಳು ಊದಿಕೊಂಡಿವೆ. ಬಿಸಿನೀರಿನ ಬಾಟಲಿ ತಬ್ಬಿಕೊಂಡೇ ಹೇಳಿದಳು: “ಇಲ್ಲೇ ಇದ್ಬಿಡು ಕಣೇ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ.”

“ನೀನು ಬರ್ತಾ ಇರ್ತೀಯಲ್ಲ?”

“ಬೇಸಿಗೇಲಿ ಬರ್ತೀನಿ. ಇಲ್ಲಿ ಬೇಸಿಗೆ ಅನ್ನೋದು ಒಂದಿದ್ರೆ.”

ರಜೆ ಇನ್ನೂ ಇದೆ. ಉಳಿದೆರಡು ಊರು ನೋಡದೆ ಹೇಳುವುದು ಸರಿಯಲ್ಲ. ಆದರೆ ನನ್ನ ಮನಸ್ಸು ಇಲ್ಲಿ ಮನೆ ಮಾಡಿಕೊಂಡಾಗಿದೆ.

ಏಪ್ರಿಲ್ 29, ಬ್ಲ್ಯಾಕ್‌ಹೀತ್

ಇವತ್ತು ನೆಲಕ್ಕೆ ಬೀಳುವುದರಲ್ಲಿದ್ದೆ.

ಸಿಡ್ನಿಯವರ ಬಂಡೆಗಳೆಲ್ಲ ಈ ನೀಲಿ ಬೆಟ್ಟಗಳಲ್ಲಿವೆ. ಬೇರೆ ಕಡೆ ಬಂಡೆಗೆ ಹೊಡೆದ ಬೋಲ್ಟಿಗೆ ಒಂದು ಬಳೆ ಇರುತ್ತದೆ, ಕೊಂಡಿ ಸಿಕ್ಕಿಸಿ ಹಗ್ಗ ಹಾಕಿಕೊಂಡರೆ ಸರಿ, ಬಿದ್ದರೆ ಅದು ತಡೆಯುತ್ತದೆ. ಇಲ್ಲಿನ ಹಳಬರದ್ದೇ ಬೇರೆ ಪದ್ಧತಿ. ಬರೀ ಬೋಲ್ಟು ಹೊಡೆದು ತಲೆ ಮಾತ್ರ ಹೊರಗೆ ಬಿಟ್ಟಿದ್ದಾರೆ. ತೂತಿರುವ ಉಕ್ಕಿನ ಬಿಲ್ಲೆಗಳನ್ನು ನಾವೇ ಜೇಬಿನಲ್ಲಿ ಒಯ್ದು, ಒಂದೊಂದಾಗಿ ಆ ತಲೆಗಳಿಗೆ ಸಿಕ್ಕಿಸಿಕೊಳ್ಳುತ್ತಾ ಹೋಗಬೇಕು. ನನ್ನ ಬಿಲ್ಲೆಗಳು ಯಾವಾಗಲೂ ಸೀಮೆಸುಣ್ಣದ ಚೀಲದ ಜೇಬಿನಲ್ಲೇ ಇರುತ್ತವೆ. ಇವತ್ತು ಎರಡು ಮಹಡಿ ಎತ್ತರದಲ್ಲಿ ಮೊದಲ ಬೋಲ್ಟಿನ ಮುಂದೆ ನಿಂತು ಜೇಬಿಗೆ ಕೈ ಹಾಕಿದರೆ ಖಾಲಿ.

“ಅಮ್ಮಾ! ನನ್ನ ಬಿಲ್ಲೆಗಳೆಲ್ಲಿ?”

“ಯಾವ ಬಿಲ್ಲೆ?”

“ತೂತಿರೋವು! ಉಕ್ಕಿಂದು! ಚೀಲದಲ್ಲಿದ್ವು!”

“ಅಯ್ಯೋ, ಬಾಟ್ಲಿ ಓಪನರ್‌ಗಳಾ? ಅಷ್ಟೊಂದು ಯಾಕೆ ಇವಳಿಗೆ ಅಂತ ಚಮಚದ ಡ್ರಾಯರ್‌ಗೆ ಹಾಕ್ದೆ!”

ಪಕ್ಕದ ದಾರಿಯಲ್ಲಿ ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಬಿದ್ದರೆ ನೇರ ನೆಲಕ್ಕೇ. ಸೊಂಟದಲ್ಲಿ ಅದೃಷ್ಟಕ್ಕೆ ಒಂದು ತಂತಿ ಇತ್ತು, ಬಿರುಕಿಗೆ ಸಿಕ್ಕಿಸುವ ಬೆಣೆಯದು. ಬೆಣೆಯನ್ನು ತಂತಿಯ ಮೇಲೆ ಕೆಳಕ್ಕೆ ಸರಿಸಿ, ತಂತಿಯ ಕುಣಿಕೆಯನ್ನು ಬೋಲ್ಟಿನ ತಲೆಗೆ ಹಾಕಿ, ಬೆಣೆಯನ್ನು ಮತ್ತೆ ಮೇಲಕ್ಕೆ ದೂಡಿ ಬಿಗಿದೆ. ಹಗ್ಗ ಸಿಕ್ಕಿಸಿದೆ. ಅಮ್ಮ ಮೆಲ್ಲಗೆ ಇಳಿಸಿದಳು.

ನೆಲ ಮುಟ್ಟಿದ ಮೇಲೆ ನನ್ನ ಬಾಯಿಗೆ ಲಗಾಮೇ ಇರಲಿಲ್ಲ. “ನಿನ್ನ ಕರ್ಕೊಂಡು ಬಂದಿದ್ದೇ ತಪ್ಪು. ಆರು ವರ್ಷ ನಾನು ಎಲ್ಲಿಗೂ ಹೋಗ್ಲಿಲ್ಲ, ಈಗ ಹೋದಲ್ಲೆಲ್ಲ ನೀನು!”

ಅಮ್ಮ ಹಗ್ಗ ಸುತ್ತಿಟ್ಟು ವ್ಯಾನಿಗೆ ಹೋದಳು. ಡ್ರಾಯರಿನಿಂದ ಬಿಲ್ಲೆಗಳನ್ನು ತೆಗೆದು, ಒರೆಸಿ, ನನ್ನ ದಿಂಬಿನ ಮೇಲೆ ಸಾಲಾಗಿ ಇಟ್ಟಿದ್ದಾಳೆ. ನಾನು ಆ ಮಾತು ಆಡಬಾರದಿತ್ತು.

ಏಪ್ರಿಲ್ 30, ಬ್ಲ್ಯಾಕ್‌ಹೀತ್

ಬೆಳಿಗ್ಗೆ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅಮ್ಮ ಶುರು ಮಾಡಿದಳು. ಟೋಸ್ಟಿಗೆ ವೆಜಿಮೈಟ್ ಸವರುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

“ನಾನ್ಯಾಕೆ ಬಂದೆ ಗೊತ್ತಾ? ಊರು ನೋಡೋಕಲ್ಲ. ನೀನು ಮೆಲ್ಬರ್ನ್ ಅಂತೀಯ ಅಂತ ನಂಗೆ ಮೊದಲೇ ಗೊತ್ತಿತ್ತು. ಅಮ್ಮನಿಗೆ ಹತ್ರ ಅಂತ. ಪೈ ತಿನ್ನುವಾಗ ನೀನು ಅಂದೇಬಿಟ್ಟೆ. ಅದನ್ನ ತಪ್ಪಿಸೋಕೆ ಬಂದೆ ಕಣೇ.”

“ಅಮ್ಮ, ನಾನು...”

“ಸುಮ್ನಿರು. ನೀನು ನಿಮ್ಮಪ್ಪನಿಗೆ ನಾಲ್ಕೂವರೆ ವರ್ಷ ಕೊಟ್ಟೆ. ಅದಕ್ಕೆ ನಾನು ಏನೂ ಹೇಳಲ್ಲ, ಹೇಳೋಕೆ ಹೋದ್ರೆ ಅಳು ಬರುತ್ತೆ. ಆದ್ರೆ ನಂಗೆ ಇನ್ನೊಂದು ದಿನಾನೂ ಕೊಡ್ಬೇಡ. ಊರು ಆರಿಸುವಾಗ ನನ್ನ ಲೆಕ್ಕಕ್ಕೆ ತಗೋಬೇಡ.”

ಇಬ್ಬರೂ ಅತ್ತೆವು. ಎರಡನೆಯ ಸುತ್ತಿನ ಟೋಸ್ಟು ಸುಟ್ಟು ವ್ಯಾನೆಲ್ಲ ಹೊಗೆ. ಹೊರಗೆ ಬಂದು ಕೆಮ್ಮುತ್ತಾ ನಿಂತಾಗ ಅಮ್ಮ ಎಂದಳು: “ಸರಿ, ಈಗ ನನ್ನ ಆ ಹಗ್ಗಕ್ಕೆ ಕಟ್ಟು. ಮೇಲೆ ಅಂಥದ್ದೇನಿದೆ ನಾನೂ ನೋಡ್ತೀನಿ.”

ಸುಲಭದ ದಾರಿಯೊಂದಕ್ಕೆ ಮೇಲಿನಿಂದ ಹಗ್ಗ ಇಳಿಬಿಟ್ಟು ಕಟ್ಟಿದೆ. ಅರ್ಧ ಹತ್ತಿ ಸಿಕ್ಕಿಕೊಂಡಳು. ಅಲ್ಲಿಂದ ಅವಳು ಬೈದ ಬೈಗುಳಗಳಲ್ಲಿ ಕೆಲವು ನನಗೆ ಗೊತ್ತೇ ಇರಲಿಲ್ಲ. ಇಳಿದು ನೀರು ಕುಡಿದು, “ಇನ್ನೊಂದ್ಸಲ,” ಎಂದಳು. ಸಂಜೆಯವರೆಗೆ ಅದೇ ಆಯಿತು. ನಾನು ಇವತ್ತು ಒಂದು ದಾರಿಯನ್ನೂ ಹತ್ತಲಿಲ್ಲ, ಈಗ ಬರೆಯುವಾಗ ನೆನಪಾಯಿತು.

ಸಿಡ್ನಿ ಬೇಡ. ಬಂಡೆ ಚಿನ್ನದಂಥದ್ದು, ಆದರೆ ಊರಿನಿಂದ ಎರಡು ಗಂಟೆ ರೈಲು. ಕೆಲಸ ಮುಗಿಸಿ ಬಂದರೆ ಕತ್ತಲೆಯನ್ನೇ ಹತ್ತಬೇಕು.

ಮೇ 6, ಬ್ರಿಸ್ಬೇನ್

ಈ ಊರಿಗೆ ಹುಚ್ಚು ಹಿಡಿದಿದೆ! ನದಿಯ ದಡದಲ್ಲಿ, ಊರಿನ ನಟ್ಟನಡುವೆ ಬಂಡೆಯ ಗೋಡೆ. ಅದಕ್ಕೆ ದೀಪ ಬೇರೆ ಹಾಕಿದ್ದಾರೆ. ಒಂದು ಕಡೆ ಜನ ಸಾಸೇಜ್ ಸುಡುತ್ತಿದ್ದರೆ ಪಕ್ಕದಲ್ಲೇ ಇನ್ನೊಬ್ಬರು ಹಗ್ಗದಲ್ಲಿ ನೇತಾಡುತ್ತಿರುತ್ತಾರೆ. ಮೇ ತಿಂಗಳಲ್ಲೂ ಅಮ್ಮ ತೋಳಿಲ್ಲದ ಅಂಗಿ ಹಾಕಿಕೊಂಡು ತಿರುಗುತ್ತಿದ್ದಾಳೆ.

ಬಂಡೆ ಹೋಬಾರ್ಟಿನದರ ಮುಂದೆ ಏನೂ ಅಲ್ಲ, ಗಿಡ್ಡದು. ಆದರೆ ಬುಧವಾರ ಸಂಜೆ ಇಲ್ಲಿ ಅರವತ್ತು ದಾಟಿದವರದೊಂದು ಗುಂಪು ಸೇರುತ್ತದೆ. ಅವರ ಮುಂದಾಳು ಡೆಸ್ಲಿ, ಎಪ್ಪತ್ತೊಂದು ವಯಸ್ಸು, ಕಡ್ಡಿಯಂಥ ಹೆಂಗಸು. ಹತ್ತುವ ಮೊದಲು ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟಳು. ಪರಿಚಯವಾಗಿ ಐದು ನಿಮಿಷವೂ ಆಗಿರಲಿಲ್ಲ.

“ಜೋಪಾನ ಗ್ಲೆನಿಸ್. ಹಲ್ಲು ಕಚ್ಕೊಂಡು ಹತ್ತೋ ವಯಸ್ಸು ಮುಗೀತು. ಈಗ ಬಿಚ್ಚಿಟ್ಟು ಹತ್ತೋ ವಯಸ್ಸು.”

“ಕೊಡು ಕೊಡು. ನನ್ನ ಮಗಳು ಅದನ್ನೇ ಮಾಡೋದು. ಅವಳಿಗೆ ತೋರ್ಸು, ನಿಂದು ಸಡಿಲ ಇದ್ದಂಗಿದೆ.”

ಸಡಿಲವೇ ಇತ್ತು. ಕೆಳಗಿನದನ್ನು ಯಾರೋ ಕಣ್ಣು ಮುಚ್ಚಿಕೊಂಡು ಮಾಡಿದ್ದಾರೆ. ಹೊಸದು ಮಾಡಿಕೊಡುತ್ತೇನೆ ಎಂದುಬಿಟ್ಟೆ, ಯಾವ ಊರಿನಿಂದ ಎಂದು ಯೋಚಿಸಲೇ ಇಲ್ಲ.

ಆಮೇಲೆ ಅಮ್ಮ ಹತ್ತಿದಳು. ನಾನು ಹಗ್ಗ ಹಿಡಿದೆ. ನಡುವಿನ ಉಬ್ಬಿನ ಹತ್ತಿರ ನಿಂತು ಬಹಳ ಹೊತ್ತು ಯೋಚಿಸಿದಳು, ಕಾಲು ಬದಲಿಸಿದಳು, ಬೈದಳು, ಮೇಲೆ ಹೋದಳು. ತುದಿಯಲ್ಲಿ ಹಗ್ಗ ಹಾಕಿದ ಸರಪಳಿ ಮುಟ್ಟಿ ಸೀಟಿ ಊದಿದಳು! ನದಿಯಲ್ಲಿ ಹೋಗುತ್ತಿದ್ದ ದೋಣಿಯವರೆಲ್ಲ ಕೈ ಬೀಸಿದರು. ಕೆಳಗೆ ಬಂದವಳು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಅಪ್ಪ ಹೋದ ಮೇಲೆ ಅಮ್ಮನ ಮುಖ ಹೀಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಮೇಲೆ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿದೆ.

ಮೇ 8, ಫ್ರಾಗ್ ಬಟ್ರೆಸ್

ಊರಿನಿಂದ ಒಂದೂವರೆ ಗಂಟೆ ಆಚೆ, ಯೂಕಲಿಪ್ಟಸ್ ಕಾಡಿನಲ್ಲಿ ಇದೂ ಕಂಬ ಕಂಬದ ಬಂಡೆ. ಬಿರುಕುಗಳೋ ಬಿರುಕುಗಳು. ಇಪ್ಪತ್ತೈದರ ವಯಸ್ಸಿನಲ್ಲಿ ನೋಡಿ ಹೆದರಿ ಬಿಟ್ಟುಹೋಗಿದ್ದ ದಾರಿಯನ್ನು ಇವತ್ತು ಒಂದೇ ಉಸಿರಿಗೆ ಹತ್ತಿದೆ! ಒಂದು ಸಲವೂ ಬೀಳಲಿಲ್ಲ! ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಹತ್ತಿಲ್ಲ. ಭಯ ಯಾಕೆ ಆಗಲಿಲ್ಲವೋ ತಿಳಿಯದು. ಬೆರಳುಗಳಿಗೆ ವಿಶ್ರಾಂತಿ ಸಿಕ್ಕಿದ್ದರಿಂದ ಇರಬೇಕು, ಅಥವಾ ಇಲ್ಲಿನ ಹವೆ.

ಕೆಳಗೆ ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ. ಹಗ್ಗ ಬೇಕೆನ್ನಿಸುವ ಮೊದಲೇ ಸಡಿಲವಾಗುತ್ತಿತ್ತು. ಅಮ್ಮ ಈಗ ಬಿಗಿ ಹಿಡಿಯುವುದನ್ನು ಬಿಟ್ಟಿದ್ದಾಳೆ.

ಮೇ 10, ಬ್ರಿಸ್ಬೇನ್

ಅಮ್ಮಂದಿರ ದಿನ. ಸೇವಂತಿಗೆ ಕೊಂಡು ತಂದು ಕೊಟ್ಟೆ. ಅಮ್ಮ ಅದನ್ನು ಚಹಾ ಲೋಟದಲ್ಲಿ ನಿಲ್ಲಿಸಿ, ಕೂರು ಎಂದಳು.

“ಡೆಸ್ಲಿ ಇರೋ ಕಟ್ಟಡದಲ್ಲಿ ಒಂದು ಮನೆ ಖಾಲಿ ಇದೆ. ನಿನ್ನೆ ನೋಡಿ ಬಂದೆ. ಬಾಲ್ಕನಿಯಿಂದ ಬಂಡೆ ಕಾಣುತ್ತೆ. ಹೂಂ ಅಂದ್ಬಿಟ್ಟೆ.”

“ಏನು? ನೀನಾ? ಇಲ್ಲೇನಾ?”

“ಮತ್ತಿನ್ಯಾರು? ಮಿಲ್ದುರಾದಲ್ಲಿ ನಂಗೇನಿದೆ ಹೇಳು. ಈಜುಕೊಳದ ಹತ್ರ ಹೋದ್ರೆ ಹೊಸ ಹುಡುಗಿ ಫೋನ್ ನೋಡ್ಕೊಂಡು ಕೂತಿರ್ತಾಳೆ, ನನ್ನ ಹೊಟ್ಟೆ ಉರಿಯುತ್ತೆ. ಮನೆ ಬಾಡಿಗೆಗೆ ಕೊಡ್ತೀನಿ. ನೀನು ಧಾರಾಳವಾಗಿ ಹೋಬಾರ್ಟಿಗೆ ಹೋಗು. ಈಗ ಯಾವ ನೆಪಾನೂ ಉಳೀಲಿಲ್ಲ ನಿಂಗೆ.”

ತಬ್ಬಿಕೊಂಡೆ, ಕುಣಿದೆ, ಅವಳನ್ನೂ ಕುಣಿಸಿದೆ. ನಾನು ಈಗ ಸ್ವತಂತ್ರಳು! ಅಮ್ಮನಿಗೆ ಊರಾಯಿತು, ಗೆಳತಿಯರಾದರು, ನಾನು ಯಾರಿಗೂ ಹೆದರದೆ ಹೋಬಾರ್ಟ್ ಎನ್ನಬಹುದು. ಇಪ್ಪತ್ತು ವರ್ಷದ ಕನಸು!

ಮಧ್ಯಾಹ್ನದಿಂದ ಎದೆಯಲ್ಲಿ ಏನೋ ಭಾರ. ಊಟಕ್ಕೆ ಸೀಗಡಿ ಹೆಚ್ಚಾಯಿತೇನೋ.

ಮೇ 11, ಬ್ರಿಸ್ಬೇನ್

ಹೋಬಾರ್ಟ್ ಎಂದು ಹೇಳಲು ಎರಡು ಸಲ ಫೋನ್ ಎತ್ತಿದೆ. ಲೈನು ಸಿಗಲಿಲ್ಲ ಎಂದು ಅಮ್ಮನಿಗೆ ಹೇಳಿದೆ. ಲೈನು ಸಿಕ್ಕಿತ್ತು.

ಮೇ 12, ಬ್ರಿಸ್ಬೇನ್

ಬೆಳಿಗ್ಗೆ ಅಮ್ಮ ನದಿಯ ಬಂಡೆಯ ಕೆಳಗೆ ಹೊಸ ಶೂ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ಹೋಗಿ ಎದುರಿಗೆ ಕೂತೆ.

“ನಾನು ಬ್ರಿಸ್ಬೇನ್ ಅಂತ ಹೇಳ್ತೀನಿ.”

ಅಮ್ಮ ಶೂ ಕೆಳಗಿಟ್ಟಳು. “ನಂಗೋಸ್ಕರ ಆದ್ರೆ ಬೇಡ. ಅಷ್ಟೆಲ್ಲಾ ಹೇಳಿದ್ದು ದಂಡ ಆಯ್ತಾ?”

“ನಿಂಗೋಸ್ಕರ ಅಲ್ಲ. ನಂಗೋಸ್ಕರ.”

“ಹೋಬಾರ್ಟಿನ ಬಂಡೆ?”

“ಇಲ್ಲಿಯದಕ್ಕಿಂತ ಚೆನ್ನಾಗಿದೆ. ಸುಳ್ಳು ಹೇಳಲ್ಲ. ಆದ್ರೆ ಅಲ್ಲಿ ನೀನಿಲ್ಲ. ನಾನು ಹತ್ತುವಾಗ ಕೆಳಗೆ ನೀನಿರ್ಬೇಕು ಅಮ್ಮ. ಕರ್ತವ್ಯ ಗಿರ್ತವ್ಯ ಅಂತ ಏನಿಲ್ಲ. ಆಸೆ. ಬರೀ ನನ್ನ ಆಸೆ.”

ಅಮ್ಮ ನನ್ನ ಮುಖವನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನಾನೇ ಕಣ್ಣು ತಗ್ಗಿಸಬೇಕಾಯಿತು. ಆಮೇಲೆ ಮತ್ತೆ ಶೂ ಎತ್ತಿಕೊಂಡು ಲೇಸು ಬಿಗಿಯತೊಡಗಿದಳು. ಮೂಗು ಕೆಂಪಾಗಿತ್ತು.

“ಬುಧವಾರ ಆಗಲ್ಲ,” ಎಂದಳು. “ಬುಧವಾರ ಡೆಸ್ಲಿ ಜೊತೆ ಇದೆ.”

“ಸರಿ.”

“ಶನಿವಾರ ಅವರೆಲ್ಲ ನನ್ನ ಫ್ರಾಗ್ ಬಟ್ರೆಸ್‌ಗೆ ಕರ್ಕೊಂಡು ಹೋಗ್ತಾರಂತೆ. ಭಾನುವಾರ ಮೈಕೈ ನೋವಿರುತ್ತೆ.” ಇನ್ನೊಂದು ಕಾಲಿನ ಲೇಸು ಬಿಗಿದು ಮುಗಿಯುವವರೆಗೆ ಯೋಚಿಸಿದಳು. “ಗುರುವಾರ ಬೇಕಾದ್ರೆ ನಿಂಗೆ ಕೊಡ್ತೀನಿ.”

ಆಫೀಸಿಗೆ ಫೋನ್ ಮಾಡಿ ಬ್ರಿಸ್ಬೇನ್ ಎಂದೆ. ಗುರುವಾರ ಮಾತ್ರ ಸ್ವಲ್ಪ ಬೇಗ ಬಿಡಬೇಕಾಗುತ್ತದೆ ಎಂದೂ ಹೇಳಿದೆ.